ಅಪವರ್ತನ: ಬೀಜಭಿನ್ನಗಳ ಗುಣಾಕಾರ ಹಾಗೂ ಸಂಕ್ಷೇಪಕ್ರಮದ ಐತಿಹಾಸಿಕ ವಿವೇಚನೆ

1. ಪ್ರಸ್ತಾವನೆ

ಅಂಶವೂ ಛೇದವೂ ಬಹುಪದೋಕ್ತಿಗಳಾಗಿರುವ ಭಿನ್ನರಾಶಿಗಳನ್ನು ಗುಣಿಸುವ ಕ್ರಮವು ಪ್ರೌಢಶಾಲೆಯ ವಿದ್ಯಾರ್ಥಿಗೂ ಪರಿಚಿತವಾದುದು. ಅಂಶಗಳನ್ನೂ ಛೇದಗಳನ್ನೂ ಬಿಡಿಸಿ ಗುಣಲಬ್ಧರೂಪದಲ್ಲಿ ಬರೆದು, ಮೇಲೂ ಕೆಳಗೂ ಸಮಾನವಾಗಿರುವುದನ್ನು ತೆಗೆದುಹಾಕಿ, ಉಳಿದುದನ್ನು ಉತ್ತರವೆಂದು ಹೇಳುವುದೇ ಆ ಕ್ರಮ. ಕಾರ್ಯ ಸುಲಭವಾದುದು. ಆದರೆ ಕಾಲೇಜಿಗೆ ಬರುವ ವಿದ್ಯಾರ್ಥಿಗಳಲ್ಲಿ ಅನೇಕರು ಇದನ್ನು ‘ಮೇಲಿನದನ್ನೂ ಕೆಳಗಿನದನ್ನೂ ಹೊಡೆದುಹಾಕುವ’ ಒಂದು ಕೈಚಳಕವೆಂದು ಮಾತ್ರ ತಿಳಿದಿರುತ್ತಾರೆ. ಏನನ್ನು ಹೊಡೆದುಹಾಕಬಹುದು, ಏನನ್ನು ಹೊಡೆದುಹಾಕಲಾಗದು, ಹಾಗೆ ಮಾಡಿದ ಬಳಿಕ ಉಳಿಯುವ ಉಕ್ತಿಯು ಮೊದಲಿನ ಉಕ್ತಿಗೆ ಎಲ್ಲ ಸಂದರ್ಭದಲ್ಲಿಯೂ ಸಮವಾಗಿರುವುದೆ ಎಂಬ ಮೂರು ಪ್ರಶ್ನೆಗಳಿಗೆ ಅವರಲ್ಲಿ ಉತ್ತರವಿರುವುದಿಲ್ಲ.

ಈ ಮೂರು ಪ್ರಶ್ನೆಗಳು ಇಂದಿನ ವಿದ್ಯಾರ್ಥಿಗೆ ಮಾತ್ರ ಎದುರಾದವಲ್ಲ. ಗಣಿತಶಾಸ್ತ್ರದ ಇತಿಹಾಸದಲ್ಲಿಯೂ ಇವು ಒಂದಾದಮೇಲೊಂದಾಗಿ ಎದ್ದವು. ಕೆಲವಕ್ಕೆ ಬೇಗನೆ ಸರಿಯಾದ ಉತ್ತರ ದೊರೆಯಿತು, ಕೊನೆಯದಕ್ಕೆ ಶತಮಾನಗಳೇ ಬೇಕಾದವು. ಆದಕಾರಣ ಇತಿಹಾಸದ ಮಾರ್ಗದಿಂದಲೇ ಈ ಕ್ರಮವನ್ನು ವಿವರಿಸಲು ಪ್ರಕೃತ ಲೇಖನದಲ್ಲಿ ಯತ್ನಿಸಿದ್ದೇವೆ. ನಮ್ಮ ಪ್ರಾಚೀನ ಗಣಿತವನ್ನು ಕುರಿತು ಬರೆಯುವವರಲ್ಲಿ ಎರಡು ಅತಿರೇಕಗಳುಂಟು. ಪೂರ್ವಿಕರಿಗೆ ತಿಳಿಯದಿದ್ದುದು ಯಾವುದೂ ಇಲ್ಲವೆಂಬುದು ಒಂದು. ಅವರಲ್ಲಿ ಶಾಸ್ತ್ರವೆನ್ನುವಂತಹುದು ಏನೂ ಇರಲಿಲ್ಲವೆಂಬುದು ಇನ್ನೊಂದು. ಗ್ರಂಥಗಳಲ್ಲಿ ಇರುವುದನ್ನು ಇದೆಯೆಂದೂ ಇಲ್ಲದಿರುವುದನ್ನು ಇಲ್ಲವೆಂದೂ ಹೇಳುವುದು ಇತಿಹಾಸಕಾರನ ಧರ್ಮವಾದುದರಿಂದ ಈ ಎರಡರಿಂದಲೂ ದೂರವಿರುವುದು ನಮ್ಮ ಸಂಕಲ್ಪವಾಗಿದೆ.

2. ಒಂದು ಶಬ್ದದ ಎರಡು ಅರ್ಥಗಳು

ಮೊದಲು ‘ಅಪವರ್ತನ’ ಎಂಬ ಶಬ್ದವನ್ನೇ ಪರಿಶೀಲಿಸೋಣ. ಇಂದಿನ ಕನ್ನಡ ಪಠ್ಯಪುಸ್ತಕಗಳಲ್ಲಿ ಒಂದು ಸಂಖ್ಯೆಯನ್ನು ಅಥವಾ ಉಕ್ತಿಯನ್ನು ಶೇಷವಿಲ್ಲದೆ ಭಾಗಿಸುವ ರಾಶಿಗೆ ಈ ಹೆಸರಿದೆ. 12ರ ಅಪವರ್ತನಗಳು 1, 2, 3, 4, 6, 12 ಎನ್ನುತ್ತೇವೆ. ‘ಮಹತ್ತಮ ಸಾಮಾನ್ಯ ಅಪವರ್ತನ’ ಎನ್ನುತ್ತೇವೆ. ಆದರೆ ಸಂಸ್ಕೃತ ಗಣಿತಗ್ರಂಥಗಳಲ್ಲಿ ಇದು ಮುಖ್ಯವಾಗಿ ಒಂದು ಕ್ರಿಯೆಯ ಹೆಸರು. ಎರಡು ರಾಶಿಗಳನ್ನು ಅವುಗಳ ಸಾಮಾನ್ಯ ಭಾಜಕದಿಂದ ಭಾಗಿಸಿ ಚಿಕ್ಕದಾಗಿಸುವುದೇ ಅಪವರ್ತನ. ‘ಅಪ’ ಎಂದರೆ ದೂರಕ್ಕೆ, ‘ವರ್ತನ’ ಎಂದರೆ ತಿರುಗಿಸುವಿಕೆ. ಒಟ್ಟಿನಲ್ಲಿ ಆಚೆಗೆ ಸರಿಸುವುದು ಎಂದರ್ಥ.

ಭಾಸ್ಕರಾಚಾರ್ಯನು ತನ್ನ ಲೀಲಾವತಿಯ ಕುಟ್ಟಕಪ್ರಕರಣದಲ್ಲಿ ಈ ಶಬ್ದವನ್ನು ಎರಡೂ ಅರ್ಥಗಳಲ್ಲಿ ಬಳಸಿದ್ದಾನೆ. ಭಾಜ್ಯ, ಹಾರ, ಕ್ಷೇಪಗಳನ್ನು ಮೊದಲು ಅಪವರ್ತಿಸಬೇಕೆಂದು ಹೇಳುವಾಗ ಅದು ಕ್ರಿಯೆ. ಎರಡು ರಾಶಿಗಳನ್ನು ಪರಸ್ಪರ ಭಾಗಿಸುತ್ತ ಹೋದಾಗ ಕೊನೆಗೆ ಉಳಿಯುವ ಶೇಷವೇ ಅವುಗಳ ಅಪವರ್ತನವೆಂದು ಹೇಳುವಾಗ ಅದು ರಾಶಿ. ತೆಗೆದುಹಾಕುವ ಕ್ರಿಯೆಗೂ, ತೆಗೆದುಹಾಕಲ್ಪಡುವ ರಾಶಿಗೂ ಒಂದೇ ಹೆಸರು ಸಂದಿರುವುದು ಆಕಸ್ಮಿಕವಲ್ಲ. ಅಪವರ್ತನವಾಗಿರುವುದನ್ನು ಮಾತ್ರವೇ ಅಪವರ್ತಿಸಬಹುದು ಎಂಬ ನಿಯಮವೇ ಆ ಶಬ್ದದಲ್ಲಿ ಅಡಗಿದೆ. ಮೇಲೆ ಹೇಳಿದ ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಇದೇ ಉತ್ತರ.

3. ಮಹಾವೀರಾಚಾರ್ಯನ ವಜ್ರಾಪವರ್ತನ

ಭಿನ್ನಗಳ ಗುಣಾಕಾರದಲ್ಲಿ ಈ ಕ್ರಿಯೆಯ ಸ್ಥಾನವನ್ನು ಸ್ಪಷ್ಟವಾಗಿ ಹೇಳಿದ ಆಚಾರ್ಯನು ಕರ್ಣಾಟಕದ ಇತಿಹಾಸಕ್ಕೆ ಸೇರಿದವನೆಂಬುದು ನಮಗೆ ಸಂತೋಷದ ವಿಷಯ. ಜೈನ ಗಣಿತಜ್ಞನಾದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದ ಆರಂಭದಲ್ಲಿ ಮಾನ್ಯಖೇಟದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿದ್ದಾನೆ. ಗ್ರಂಥದ ಕಾಲವನ್ನು ಸುಮಾರು ಕ್ರಿ.ಶ. 850 ಎಂದು ವಿದ್ವಾಂಸರು ಗಣಿಸುತ್ತಾರೆ. ಕವಿರಾಜಮಾರ್ಗವು ಹುಟ್ಟಿದ ಆಸ್ಥಾನದ ಕಾಲವೂ ಇದೇ ಎಂಬುದನ್ನು ಇಲ್ಲಿ ನೆನೆಯಬಹುದು. ಮದರಾಸಿನ ಪ್ರೊಫೆಸರ್ ಎಂ. ರಂಗಾಚಾರ್ಯರು 1912ರಲ್ಲಿ ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ಅದು ಲೋಕದ ವಿದ್ವಾಂಸರ ಗಮನಕ್ಕೆ ಬಂದಿತು. ಕೋಲ್‌ಬ್ರೂಕನು 1817ರಲ್ಲಿ ಬ್ರಹ್ಮಗುಪ್ತ ಭಾಸ್ಕರರ ಗಣಿತವನ್ನು ಇಂಗ್ಲಿಷಿಗೆ ತಂದಿದ್ದನು. ಆದುದರಿಂದ ಯೂರೋಪಿನ ವಿದ್ವಾಂಸರಿಗೆ ಮಹಾವೀರನ ಪರಿಚಯವಾದುದು ಅವರಿಬ್ಬರ ಪರಿಚಯವಾದ ಸುಮಾರು ಒಂದು ಶತಮಾನದ ಮೇಲೆ.

ಗಣಿತಸಾರಸಂಗ್ರಹದ ಒಂಬತ್ತು ಅಧ್ಯಾಯಗಳಲ್ಲಿ ಮೂರನೆಯದು ಕಲಾಸವರ್ಣವ್ಯವಹಾರ. ಕಲೆ ಎಂದರೆ ಭಾಗ, ಸವರ್ಣವೆಂದರೆ ಸಮಾನಜಾತಿ. ಇದು ಭಿನ್ನರಾಶಿಗಳ ಅಧ್ಯಾಯ. ಅದರಲ್ಲಿ ಗುಣಾಕಾರದ ಸೂತ್ರವು ಅಂಶವನ್ನು ಅಂಶದಿಂದಲೂ ಛೇದವನ್ನು ಛೇದದಿಂದಲೂ ಗುಣಿಸಬೇಕೆಂದು ವಿಧಿಸುತ್ತದೆ. ಆದರೆ ಸಾಧ್ಯವಾದಲ್ಲಿ ಅದಕ್ಕೆ ಮೊದಲು ‘ವಜ್ರಾಪವರ್ತನ’ವನ್ನು ಮಾಡಬೇಕೆಂದು ಹೇಳುತ್ತದೆ. ವಜ್ರಾಪವರ್ತನವೆಂದರೆ ಓರೆಯಾಗಿ, ಅಡ್ಡಡ್ಡಲಾಗಿ ಮಾಡುವ ಅಪವರ್ತನ: ಒಂದು ಭಿನ್ನದ ಅಂಶವನ್ನೂ ಇನ್ನೊಂದು ಭಿನ್ನದ ಛೇದವನ್ನೂ ಅವುಗಳ ಸಾಮಾನ್ಯ ಭಾಜಕದಿಂದ ಭಾಗಿಸುವುದು.

ಒಂದು ಉದಾಹರಣೆಯನ್ನು ನಾವೇ ಕಲ್ಪಿಸೋಣ.

35/48 × 64/75

ಇದನ್ನು ನೇರವಾಗಿ ಗುಣಿಸಿದರೆ 2240/3600 ಎಂದು ಬರುತ್ತದೆ. ಆಮೇಲೆ ಈ ದೊಡ್ಡ ಸಂಖ್ಯೆಗಳ ಸಾಮಾನ್ಯ ಭಾಜಕವನ್ನು ಹುಡುಕುವ ಶ್ರಮ ಬೇರೆ. ಮಹಾವೀರನ ಕ್ರಮದಲ್ಲಾದರೆ 35 ಮತ್ತು 75ನ್ನು 5ರಿಂದ ಅಪವರ್ತಿಸಿದಾಗ 7 ಮತ್ತು 15 ದೊರೆಯುತ್ತವೆ. 64 ಮತ್ತು 48ನ್ನು 16ರಿಂದ ಅಪವರ್ತಿಸಿದಾಗ 4 ಮತ್ತು 3 ದೊರೆಯುತ್ತವೆ. ಉಳಿದುದು 7/3 × 4/15, ಅಂದರೆ 28/45. ಸಾಮಾನ್ಯ ಭಾಜಕವು ಗುಣಿಸುವುದಕ್ಕೆ ಮುಂಚೆ ಕಣ್ಣಿಗೆ ಕಾಣುತ್ತದೆ. ಗುಣಿಸಿದ ಮೇಲೆ ಮರೆಯಾಗುತ್ತದೆ. ಮೊದಲು ಅಪವರ್ತನ, ಅನಂತರ ಗುಣಾಕಾರ ಎಂಬ ಈ ಪೌರ್ವಾಪರ್ಯವೇ ಪ್ರಕೃತ ವಿಷಯದ ಜೀವಾಳ. ಇದೇ ಅಧ್ಯಾಯದಲ್ಲಿ ಮಹಾವೀರನು ಭಿನ್ನಗಳನ್ನು ಕೂಡುವುದಕ್ಕಾಗಿ ‘ನಿರುದ್ಧ’ವೆಂಬ ರಾಶಿಯನ್ನು ಹೇಳಿದ್ದಾನೆ. ಛೇದಗಳ ಸಾಮಾನ್ಯ ಭಾಜಕಗಳನ್ನೂ, ಅವುಗಳಿಂದ ಭಾಗಿಸಿದಾಗ ಬರುವ ಲಬ್ಧಗಳನ್ನೂ ಗುಣಿಸಿ ಪಡೆಯುವ ಈ ರಾಶಿ ಇಂದಿನ ಲಘುತ್ತಮ ಸಾಮಾನ್ಯ ಅಪವರ್ತ್ಯವೇ ಆಗಿದೆ.

ಇಷ್ಟಾದರೂ ಮಹಾವೀರನ ವಜ್ರಾಪವರ್ತನವು ವ್ಯಕ್ತ ಸಂಖ್ಯೆಗಳ ಭಿನ್ನಗಳಿಗೆ ಹೇಳಿದುದು. ಅವ್ಯಕ್ತರಾಶಿಗಳ ಬಹುಪದಗಳಿಗೆ ಹೇಳಿದುದಲ್ಲ. ಅಲ್ಲಿಗೆ ಹೋಗಬೇಕಾದರೆ ಸಂಖ್ಯೆಗೆ ಬದಲಾಗಿ ಅಕ್ಷರವು ಬರಬೇಕು.

4. ಅವ್ಯಕ್ತರಾಶಿಗಳ ಲೇಖನ ಮತ್ತು ಗುಣಾಕಾರ

ಅವ್ಯಕ್ತವನ್ನು ಅಕ್ಷರದಿಂದ ಸೂಚಿಸುವ ಪದ್ಧತಿ ನಮ್ಮಲ್ಲಿ ಹಳೆಯದು. ‘ಯಾವತ್ತಾವತ್’, ಎಂದರೆ ‘ಎಷ್ಟೋ ಅಷ್ಟು’, ಎಂಬುದರ ಮೊದಲಕ್ಷರ ‘ಯಾ’ ಮೊದಲನೆಯ ಅವ್ಯಕ್ತಕ್ಕೆ ಸಲ್ಲುತ್ತಿತ್ತು. ಎರಡನೆಯದಕ್ಕೆ ‘ಕಾಲಕ’ದ ‘ಕಾ’, ಮೂರನೆಯದಕ್ಕೆ ‘ನೀಲಕ’ದ ‘ನೀ’. ಅವ್ಯಕ್ತವಿಲ್ಲದ ಬರಿಯ ಸಂಖ್ಯೆಗೆ ‘ರೂಪ’ದ ‘ರೂ’, ವರ್ಗಕ್ಕೆ ‘ವ’. ಋಣಸಂಖ್ಯೆಯ ತಲೆಯ ಮೇಲೆ ಒಂದು ಬಿಂದುವನ್ನು ಇಡುತ್ತಿದ್ದರು. ಭಿನ್ನವನ್ನು ಬರೆಯುವಾಗ ಅಂಶವು ಮೇಲೆ, ಛೇದವು ಕೆಳಗೆ. ನಡುವೆ ಗೆರೆ ಇರುತ್ತಿರಲಿಲ್ಲ.

ಕ್ರಿ.ಶ. 1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯನು ತನ್ನ ಬೀಜಗಣಿತದಲ್ಲಿ ಒಂದು ಉದಾಹರಣೆಯನ್ನು ಕೊಟ್ಟಿದ್ದಾನೆ. ಒಂದು ರೂಪದಿಂದ ಊನವಾದ ಐದು ಯಾವತ್ತಾವತ್ತನ್ನು ಎರಡು ರೂಪಗಳಿಂದ ಕೂಡಿದ ಮೂರು ಯಾವತ್ತಾವತ್ತಿನಿಂದ ಗುಣಿಸಿದರೆ ಎಷ್ಟು ಎಂಬುದು ಅಲ್ಲಿಯ ಪ್ರಶ್ನೆ. ‘ಯಾ’ ಎಂಬುದನ್ನು ಹ್ರಸ್ವಗೊಳಿಸಿ ‘ಯ’ ಎಂದು ಬರೆದುಕೊಂಡರೆ ಇಂದಿನ ಸಂಕೇತದಲ್ಲಿ ಅದು ಹೀಗಾಗುತ್ತದೆ:

(5ಯ − 1)(3ಯ + 2) = 15ಯ² + 7ಯ − 2

ಇದಾದ ಕೂಡಲೇ ಆಚಾರ್ಯನು ಈ ಗುಣಲಬ್ಧವನ್ನು ಮತ್ತೆ ಅದರ ಗುಣಕದಿಂದ ಭಾಗಿಸಿ, ಗುಣ್ಯವೇ ತಿರುಗಿ ಬರುವುದನ್ನು ತೋರಿಸುತ್ತಾನೆ. ಭಾಗಾಕಾರವು ಗುಣಾಕಾರದ ವಿಲೋಮವೆಂಬ ತತ್ತ್ವವು ಅಕ್ಷರರಾಶಿಗಳಲ್ಲಿಯೂ ಹಾಗೆಯೇ ನಿಲ್ಲುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಬಹುಪದವೂ ಒಂದು ಸಂಖ್ಯೆಯಂತೆಯೇ ಗುಣಕಗಳಿಂದ ಕಟ್ಟಲ್ಪಟ್ಟಿದೆ ಎಂಬ ಭಾವನೆಗೆ ಇಲ್ಲಿ ದಾರಿಯಾಯಿತು.

ಲೀಲಾವತಿಯಲ್ಲಿ ಇನ್ನೂ ಸ್ಪಷ್ಟವಾದ ನಿದರ್ಶನವಿದೆ. ಎರಡು ರಾಶಿಗಳ ವರ್ಗಾಂತರವನ್ನು ಅವುಗಳ ಅಂತರದಿಂದ ಭಾಗಿಸಿದರೆ ಯೋಗವು ದೊರೆಯುತ್ತದೆ ಎಂಬುದು ಅಲ್ಲಿಯ ಸೂತ್ರ:

(ಯ² − ಕ²)/(ಯ − ಕ) = ಯ + ಕ

ಭಾಸ್ಕರನ ಉದಾಹರಣೆಯಲ್ಲಿ ಅಂತರ 8, ವರ್ಗಾಂತರ 400. ಆದುದರಿಂದ ಯೋಗ 50. ರಾಶಿಗಳು 29 ಮತ್ತು 21. ವಿದ್ಯಾರ್ಥಿಯು ಇಂದು ‘ಸಂಕ್ಷೇಪಿಸಿರಿ’ ಎಂಬ ಆದೇಶದ ಕೆಳಗೆ ಯಾಂತ್ರಿಕವಾಗಿ ಮಾಡುವ ಲೆಕ್ಕವು ಇಲ್ಲಿ ಎರಡು ಅಜ್ಞಾತ ರಾಶಿಗಳನ್ನು ಕಂಡುಹಿಡಿಯುವ ಸಾಧನವಾಗಿದೆ. ಬೀಜಭಿನ್ನದ ಸಂಕ್ಷೇಪವು ಕೇವಲ ಅಂದಕ್ಕಾಗಿ ಮಾಡುವ ಕೆಲಸವಲ್ಲ. ಮರೆಯಾಗಿರುವ ಸಂಬಂಧವನ್ನು ಹೊರಗೆಡಹುವ ಕೆಲಸ.

5. ಬೀಜಭಿನ್ನಗಳ ಗುಣಾಕಾರ

ಈಗ ವಜ್ರಾಪವರ್ತನವನ್ನು ಬಹುಪದಗಳಿಗೆ ಅನ್ವಯಿಸೋಣ. ಸಂಖ್ಯೆಗಳಲ್ಲಿ 35 = 5 × 7 ಎಂದು ಬಿಡಿಸುವಂತೆ ಇಲ್ಲಿ ಬಹುಪದಗಳನ್ನು ಬಿಡಿಸಬೇಕು. ಅದಕ್ಕೆ ಸಾಮಾನ್ಯವಾಗಿ ಮೂರು ಉಪಾಯಗಳು ಸಾಕಾಗುತ್ತವೆ. ಎಲ್ಲ ಪದಗಳಿಗೂ ಸಮಾನವಾದ ಗುಣಕವನ್ನು ಹೊರಗೆ ತೆಗೆಯುವುದು ಮೊದಲನೆಯದು. ವರ್ಗಾಂತರವನ್ನು ಯೋಗಾಂತರಗಳ ಗುಣಲಬ್ಧವಾಗಿ ಬರೆಯುವುದು ಎರಡನೆಯದು. ತ್ರಿಪದದ ಮಧ್ಯಪದವನ್ನು ಒಡೆದು ಎರಡು ದ್ವಿಪದಗಳನ್ನಾಗಿಸುವುದು ಮೂರನೆಯದು. ಈ ಮೂರೂ ಒಂದೇ ಲೆಕ್ಕದಲ್ಲಿ ಬರುವಂತೆ ಭಾಸ್ಕರನ ಗುಣಲಬ್ಧವನ್ನೇ ಅಂಶವಾಗಿ ಇಟ್ಟುಕೊಳ್ಳೋಣ:

(15ಯ² + 7ಯ − 2)/(25ಯ² − 1) × (10ಯ² + 2ಯ)/(9ಯ² − 4)

ಮೊದಲನೆಯ ಅಂಶದ ಮೂಲವು ನಮಗೆ ತಿಳಿದಿದೆ. ತಿಳಿಯದಿದ್ದರೂ ಹೀಗೆ ಪಡೆಯಬಹುದು: 15 ಮತ್ತು −2ರ ಗುಣಲಬ್ಧ −30; ಗುಣಲಬ್ಧ −30 ಮತ್ತು ಮೊತ್ತ 7 ಆಗುವ ಸಂಖ್ಯೆಗಳು 10 ಮತ್ತು −3. ಆದುದರಿಂದ

15ಯ² + 10ಯ − 3ಯ − 2 = 5ಯ(3ಯ + 2) − 1(3ಯ + 2) = (5ಯ − 1)(3ಯ + 2)

25ಯ² − 1 ಮತ್ತು 9ಯ² − 4 ಎಂಬುವು ವರ್ಗಾಂತರಗಳು. 10ಯ² + 2ಯ ಎಂಬಲ್ಲಿ 2ಯ ಸಮಾನ ಗುಣಕ. ಎಲ್ಲವನ್ನೂ ಬಿಡಿಸಿ ಬರೆದರೆ

[(5ಯ − 1)(3ಯ + 2)]/[(5ಯ − 1)(5ಯ + 1)] × [2ಯ(5ಯ + 1)]/[(3ಯ − 2)(3ಯ + 2)]

5ಯ − 1 ಎಂಬುದು ಮೊದಲನೆಯ ಭಿನ್ನದೊಳಗೇ ಅಪವರ್ತಿತವಾಗುತ್ತದೆ. 3ಯ + 2 ಮತ್ತು 5ಯ + 1 ಎಂಬುವು ಅಡ್ಡಡ್ಡಲಾಗಿ, ಮಹಾವೀರನ ವಜ್ರಕ್ರಮದಲ್ಲಿ, ಅಪವರ್ತಿತವಾಗುತ್ತವೆ. ಉಳಿಯುವುದು

2ಯ/(3ಯ − 2)

ಉತ್ತರದ ಪರೀಕ್ಷೆಯೂ ಸುಲಭ. ಯ = 1 ಎಂದು ಆದೇಶಿಸಿದರೆ ಮೊದಲಿನ ಉಕ್ತಿ 20/24 × 12/5, ಅಂದರೆ 2; ಕೊನೆಯ ಉಕ್ತಿಯೂ 2. ಒಂದು ಬೆಲೆಯ ಪರೀಕ್ಷೆ ಉತ್ತರವನ್ನು ಸಾಧಿಸುವುದಿಲ್ಲ ನಿಜ. ಆದರೆ ತಪ್ಪನ್ನು ಬಹುಮಟ್ಟಿಗೆ ಬಯಲಿಗೆಳೆಯುತ್ತದೆ. ವಿದ್ಯಾರ್ಥಿಗಳಿಗೆ ಈ ಅಭ್ಯಾಸವನ್ನು ಮಾಡಿಸುವುದು ಶ್ರೇಯಸ್ಕರ.

ಬಿಡಿಸದೆಯೇ ಗುಣಿಸುವವನ ಪಾಡೇನೆಂಬುದನ್ನು ಇನ್ನೊಂದು ಲೆಕ್ಕದಿಂದ ನೋಡೋಣ:

(ಯ² − 9)/(ಯ² + 5ಯ + 6) × (ಯ² − 4)/(2ಯ² − 6ಯ)

ನೇರವಾಗಿ ಗುಣಿಸಿದರೆ ಅಂಶವು ಯ⁴ − 13ಯ² + 36, ಛೇದವು 2ಯ⁴ + 4ಯ³ − 18ಯ² − 36ಯ. ಇವೆರಡರ ಸಾಮಾನ್ಯ ಅಪವರ್ತನವನ್ನು ಈ ರೂಪದಲ್ಲಿ ಗುರುತಿಸುವುದು ನುರಿತವರಿಗೂ ಕಷ್ಟ. ಬಿಡಿಸಿದರೆ

[(ಯ − 3)(ಯ + 3)]/[(ಯ + 2)(ಯ + 3)] × [(ಯ − 2)(ಯ + 2)]/[2ಯ(ಯ − 3)] = (ಯ − 2)/2ಯ

ಇಷ್ಟು ದೊಡ್ಡ ಉಕ್ತಿಯಲ್ಲಿ ಅಡಗಿದ್ದುದು ಇಷ್ಟೇ.

ಇಲ್ಲಿ ಎರಡನೆಯ ಪ್ರಶ್ನೆಯನ್ನು ಎತ್ತಿಕೊಳ್ಳಬೇಕು. (ಯ + 6)/(ಯ + 3) ಎಂಬಲ್ಲಿ ಮೇಲಿನ ಯ ಮತ್ತು ಕೆಳಗಿನ ಯ ಇವುಗಳನ್ನು ಹೊಡೆದುಹಾಕಿ 6/3, ಅಂದರೆ 2, ಎಂದು ಬರೆಯುವ ವಿದ್ಯಾರ್ಥಿಗಳು ಪ್ರತಿ ವರ್ಷವೂ ಇರುತ್ತಾರೆ. ಯ = 1 ಆದಾಗ ಭಿನ್ನದ ಬೆಲೆ 7/4; ಅದು 2 ಅಲ್ಲ. ಯ ಎಂಬುದು ಇಲ್ಲಿ ಪದ, ಅಪವರ್ತನವಲ್ಲ. ಪದವು ಕೂಡಿಕೆಯ ಅಂಗ, ಅಪವರ್ತನವು ಗುಣಾಕಾರದ ಅಂಗ. ಅಪವರ್ತಿಸುವುದೆಂದರೆ ಭಾಗಿಸುವುದು, ಭಾಗಿಸುವಾಗ ಅಂಶದ ಎಲ್ಲ ಪದಗಳನ್ನೂ ಛೇದದ ಎಲ್ಲ ಪದಗಳನ್ನೂ ಭಾಗಿಸಬೇಕಾಗುತ್ತದೆ. ಒಂದು ಪದವನ್ನು ಮಾತ್ರ ಭಾಗಿಸಿ ಉಳಿದುದನ್ನು ಹಾಗೆಯೇ ಬಿಡುವುದು ನ್ಯಾಯವಲ್ಲ. ‘ಹೊಡೆದುಹಾಕುವುದು’ ಎಂಬ ಮಾತು ಈ ಭಾಗಾಕಾರವನ್ನು ಮರೆಸುತ್ತದೆ. ‘ಅಪವರ್ತಿಸುವುದು’ ಎಂಬ ಮಾತು ಅದನ್ನು ನೆನಪಿಗೆ ತರುತ್ತದೆ. ಇದರೊಡನೆಯೇ ಚಿಹ್ನೆಯ ವಿಷಯವನ್ನೂ ಹೇಳಬಹುದು. (3 − ಯ)/(ಯ − 3) ಎಂಬುದು 1 ಅಲ್ಲ, −1. ಏಕೆಂದರೆ 3 − ಯ ಎಂಬುದು −1(ಯ − 3)ಕ್ಕೆ ಸಮ.

6. ಅಪವರ್ತನವು ಕಣ್ಣಿಗೆ ಕಾಣದಿದ್ದಾಗ

ಕೆಲವೊಮ್ಮೆ ಮೇಲಿನ ಮೂರು ಉಪಾಯಗಳೂ ನೆರವಾಗುವುದಿಲ್ಲ. ಆಗ ಕುಟ್ಟಕದ ಪರಸ್ಪರ ಭಾಗಾಕಾರವೇ ಗತಿ. ಲೀಲಾವತಿಯ ಪ್ರಸಿದ್ಧ ಉದಾಹರಣೆಯಲ್ಲಿ 221 ಭಾಜ್ಯ, 195 ಹಾರ. 221ನ್ನು 195ರಿಂದ ಭಾಗಿಸಿದರೆ ಶೇಷ 26; 195ನ್ನು 26ರಿಂದ ಭಾಗಿಸಿದರೆ ಶೇಷ 13; 26ನ್ನು 13ರಿಂದ ಭಾಗಿಸಿದರೆ ಶೇಷವಿಲ್ಲ. ಆದುದರಿಂದ 13 ಅಪವರ್ತನ; ಅಪವರ್ತಿಸಿದ ಬಳಿಕ ಉಳಿಯುವುವು 17 ಮತ್ತು 15. ಗ್ರೀಕರಲ್ಲಿ ಯೂಕ್ಲಿಡನೂ ಇದೇ ಕ್ರಮವನ್ನು ನಿರೂಪಿಸಿದ್ದನು. ಬಹುಪದಗಳಿಗೆ ಇದನ್ನು ವಿಸ್ತರಿಸಿದ ಕೀರ್ತಿ ನೆದರ್ಲೆಂಡ್ಸಿನ ಸೈಮನ್ ಸ್ಟೆವಿನನಿಗೆ ಸಲ್ಲುತ್ತದೆ. 1585ರ ಅವನ ಅಂಕಗಣಿತ ಗ್ರಂಥದಲ್ಲಿ ಅದು ಕಾಣುತ್ತದೆ. ಉದಾಹರಣೆಗೆ

(ಯ³ + ಯ² − ಯ + 2)/(ಯ³ + 3ಯ² + 3ಯ + 2)

ಛೇದವನ್ನು ಅಂಶದಿಂದ ಭಾಗಿಸಿದರೆ ಶೇಷ 2ಯ² + 4ಯ. ಇದರ ಸಂಖ್ಯಾಗುಣಕ 2ನ್ನು ಬಿಟ್ಟರೆ ಯ² + 2ಯ. ಅಂಶವನ್ನು ಇದರಿಂದ ಭಾಗಿಸಿದರೆ ಶೇಷ ಯ + 2. ಯ² + 2ಯ ಎಂಬುದು ಯ + 2ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಆದಕಾರಣ ಯ + 2 ಎಂಬುದೇ ಮಹತ್ತಮ ಸಾಮಾನ್ಯ ಅಪವರ್ತನ. ಅಪವರ್ತಿಸಿದ ರೂಪ (ಯ² − ಯ + 1)/(ಯ² + ಯ + 1). 221/195ರಲ್ಲಿ ನಡೆದುದೇ ಇಲ್ಲಿಯೂ ನಡೆದಿದೆ. ಸಂಖ್ಯೆಗಳ ಸ್ಥಾನದಲ್ಲಿ ಬಹುಪದಗಳು ಬಂದಿವೆ, ಅಷ್ಟೆ.

ಬಹುಪದವನ್ನು ದ್ವಿಪದಗಳ ಗುಣಲಬ್ಧವಾಗಿ ನೋಡುವ ಕ್ರಮವು ಯೂರೋಪಿನಲ್ಲಿ ಹದಿನೇಳನೆಯ ಶತಮಾನದಲ್ಲಿ ಶಾಸ್ತ್ರರೂಪವನ್ನು ತಾಳಿತು. ವಿಯೆಟನು 1591ರಲ್ಲಿ ತಿಳಿದ ರಾಶಿಗಳಿಗೂ ಅಕ್ಷರಗಳನ್ನು ಬಳಸಿದನು. ಹ್ಯಾರಿಯಟನ ಮರಣಾನಂತರ 1631ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಸಮೀಕರಣಗಳನ್ನು ದ್ವಿಪದಗಳನ್ನು ಗುಣಿಸಿ ಕಟ್ಟಿ ತೋರಿಸಲಾಗಿದೆ. ದೆಕಾರ್ತನು 1637ರಲ್ಲಿ ಸಮೀಕರಣದ ಒಂದು ಮೂಲವು ತಿಳಿದರೆ ಅವ್ಯಕ್ತದಿಂದ ಆ ಮೂಲವನ್ನು ಕಳೆದ ದ್ವಿಪದವು ಬಹುಪದವನ್ನು ನಿಶ್ಶೇಷವಾಗಿ ಭಾಗಿಸುತ್ತದೆ ಎಂದು ಹೇಳಿದನು. ಇಂದಿನ ಅಪವರ್ತನ ಪ್ರಮೇಯ ಇದೇ. ಈ ಸಾಮಾನ್ಯ ಸಿದ್ಧಾಂತವು ಭಾಸ್ಕರನಲ್ಲಿ ಇಲ್ಲ. ಅದನ್ನು ಅವನಿಗೆ ಆರೋಪಿಸುವ ಅಗತ್ಯವೂ ಇಲ್ಲ.

7. ಶೂನ್ಯದ ತೊಡಕು

ಇನ್ನು ಮೂರನೆಯ ಪ್ರಶ್ನೆ. (ಯ² − 4)/(ಯ − 2) = ಯ + 2 ಎಂದು ಬರೆಯುತ್ತೇವೆ. ಯ = 2 ಆದಾಗ ಬಲಗಡೆಯ ಬೆಲೆ 4; ಎಡಗಡೆಯದು 0/0. ಇವು ಸಮವೆ?

ಶೂನ್ಯದಿಂದ ಭಾಗಿಸುವುದರ ಬಗೆಗೆ ನಮ್ಮ ಮೂವರು ಆಚಾರ್ಯರು ಮೂರು ಮಾತುಗಳನ್ನು ಹೇಳಿದ್ದಾರೆ. 628ರಲ್ಲಿ ಬ್ರಾಹ್ಮಸ್ಫುಟಸಿದ್ಧಾಂತವನ್ನು ಬರೆದ ಬ್ರಹ್ಮಗುಪ್ತನು ಶೂನ್ಯವನ್ನು ಶೂನ್ಯದಿಂದ ಭಾಗಿಸಿದರೆ ಶೂನ್ಯವೆಂದನು; ಬೇರೆ ರಾಶಿಯನ್ನು ಶೂನ್ಯದಿಂದ ಭಾಗಿಸಿದರೆ ಅದು ಶೂನ್ಯವೇ ಛೇದವಾಗಿರುವ ರಾಶಿಯೆಂದು ಹೇಳಿ ನಿಲ್ಲಿಸಿದನು. ಮಹಾವೀರನು ಶೂನ್ಯದಿಂದ ಭಾಗಿಸಿದ ರಾಶಿ ಬದಲಾಗದೆ ಹಾಗೆಯೇ ಉಳಿಯುತ್ತದೆಂದನು. ಭಾಸ್ಕರನು ಅಂತಹ ರಾಶಿಗೆ ‘ಖಹರ’ವೆಂದು ಹೆಸರಿಟ್ಟು, ಅದು ಅನಂತವೆಂದೂ, ಅದಕ್ಕೆ ಏನನ್ನು ಕೂಡಿದರೂ ಕಳೆದರೂ ವಿಕಾರವಿಲ್ಲವೆಂದೂ ಹೇಳಿದನು.

ಇವುಗಳನ್ನು ಭಾಸ್ಕರನ ವರ್ಗಾಂತರ ಸೂತ್ರದಿಂದಲೇ ಪರೀಕ್ಷಿಸಬಹುದು. ಎರಡು ರಾಶಿಗಳ ಅಂತರ 0, ವರ್ಗಾಂತರವೂ 0 ಎಂದಿರಲಿ. ಯೋಗವೆಷ್ಟು? ರಾಶಿಗಳು 7 ಮತ್ತು 7 ಆಗಿದ್ದರೆ ಯೋಗ 14. 20 ಮತ್ತು 20 ಆಗಿದ್ದರೆ 40. ಬ್ರಹ್ಮಗುಪ್ತನ ನಿಯಮದಂತೆ 0/0 ಎಂಬುದು 0 ಆಗಿದ್ದರೆ ಎರಡು ಸಂದರ್ಭಗಳಲ್ಲಿಯೂ ಯೋಗವು 0 ಆಗಬೇಕಿತ್ತು. ಭಾಗಿಸುವುದರಿಂದ ರಾಶಿ ಬದಲಾಗದೆಂಬ ಮಹಾವೀರನ ನಿಯಮದಿಂದಲೂ ಅದೇ ಫಲ. ಅನಂತವೆಂದರೂ ಹೊಂದುವುದಿಲ್ಲ. ನಿಜಾಂಶವೇನೆಂದರೆ ಈ ಸಂದರ್ಭದಲ್ಲಿ ಕೊಟ್ಟಿರುವ ಮಾಹಿತಿಯಿಂದ ಯೋಗವು ನಿರ್ಧಾರವಾಗುವುದೇ ಇಲ್ಲ. ಶೂನ್ಯದಿಂದ ಗುಣಿಸಿದಾಗ ಎಲ್ಲ ರಾಶಿಗಳೂ ಶೂನ್ಯವಾಗುವುದರಿಂದ, ಹಿಂದಕ್ಕೆ ಹೋಗುವ ದಾರಿ ಅಳಿಸಿಹೋಗುತ್ತದೆ. ಅಪವರ್ತನವು ಗುಣಾಕಾರದ ಹೆಜ್ಜೆಯನ್ನು ಹಿಂದಕ್ಕಿಡುವ ಕ್ರಿಯೆ. ಹೆಜ್ಜೆಯ ಗುರುತೇ ಇಲ್ಲದಲ್ಲಿ ಅದು ನಡೆಯದು.

ಲೀಲಾವತಿಯ ಇನ್ನೊಂದು ಲೆಕ್ಕವು ಇಲ್ಲಿ ವಿಶೇಷವಾಗಿ ಪರಿಶೀಲನಾರ್ಹ. ಒಂದು ರಾಶಿಯನ್ನು ಶೂನ್ಯದಿಂದ ಗುಣಿಸಿ, ಬಂದುದಕ್ಕೆ ಅದರ ಅರ್ಧವನ್ನು ಕೂಡಿ, ಮೂರರಿಂದ ಗುಣಿಸಿ, ಶೂನ್ಯದಿಂದ ಭಾಗಿಸಿದರೆ 63 ಬರುತ್ತದೆ, ರಾಶಿ ಯಾವುದು? ಮುಂದೆ ಕ್ರಿಯೆಗಳು ಉಳಿದಿರುವಾಗ ಶೂನ್ಯಗುಣಿತ ರಾಶಿಯನ್ನು ಶೂನ್ಯವೆಂದು ಬಿಡದೆ ಹಾಗೆಯೇ ಇಟ್ಟುಕೊಳ್ಳಬೇಕು. ಆಮೇಲೆ ಶೂನ್ಯವೇ ಭಾಜಕವಾಗಿ ಬಂದರೆ ರಾಶಿಯು ಅವಿಕೃತವೆಂದು ತಿಳಿಯಬೇಕು ಎಂಬುದು ಭಾಸ್ಕರನ ವಿಧಿ. ಹಾಗೆ ಮಾಡಿದರೆ ರಾಶಿಯ ಒಂದೂವರೆಯ ಮೂರರಷ್ಟು 63, ರಾಶಿ 14. ಶುದ್ಧ ಶೂನ್ಯವನ್ನೇ ತೆಗೆದುಕೊಂಡರೆ ಈ ಲೆಕ್ಕ ನಿಲ್ಲುವುದಿಲ್ಲ. ಆದರೆ ಶೂನ್ಯದ ಸ್ಥಾನದಲ್ಲಿ ಶೂನ್ಯವಲ್ಲದ, ಎಷ್ಟು ಬೇಕಾದರೂ ಚಿಕ್ಕದಾಗಬಲ್ಲ ಒಂದು ರಾಶಿಯನ್ನು ಭಾವಿಸಿದರೆ, ಅದು ಮೇಲೂ ಕೆಳಗೂ ಅಪವರ್ತಿತವಾಗಿ 14 ಎಂಬ ಉತ್ತರವು ನಿರ್ದೋಷವಾಗುತ್ತದೆ. ಈ ಗಣಿತಕ್ಕೆ ಗ್ರಹಗಣಿತದಲ್ಲಿ ಬಹಳ ಉಪಯೋಗವಿದೆಯೆಂದು ಆಚಾರ್ಯನೇ ಹೇಳಿರುವುದನ್ನು ನೋಡಿದರೆ ಇದು ಕೇವಲ ಚಮತ್ಕಾರವಾಗಿರಲಿಲ್ಲವೆಂಬುದು ವೇದ್ಯ. ಸೀಮೆಯ ಭಾವನೆಗೆ ಇದು ಹತ್ತಿರದ್ದು. ಆದರೆ ಸೀಮೆಯ ಸಿದ್ಧಾಂತವಲ್ಲ. ಅದು ಫ್ರಾನ್ಸಿನ ಕೋಶಿಯ 1821ರ ಗ್ರಂಥದಿಂದ ಮುಂದಕ್ಕೆ ನಿಷ್ಕೃಷ್ಟ ರೂಪವನ್ನು ಪಡೆಯಿತು.

ಇಂದಿನ ಶಾಸ್ತ್ರವು ಈ ತೊಡಕನ್ನು ಎರಡು ದೃಷ್ಟಿಗಳಿಂದ ಬಿಡಿಸುತ್ತದೆ. ‘ಯ’ ಎಂಬುದನ್ನು ಬೆಲೆಯಿಲ್ಲದ ಬರಿಯ ಸಂಕೇತವೆಂದು ಭಾವಿಸಿದರೆ ಯ − 2 ಎಂಬುದು ಶೂನ್ಯ ಬಹುಪದವಲ್ಲ; ಆದುದರಿಂದ ಅದರ ಅಪವರ್ತನಕ್ಕೆ ಅಡ್ಡಿಯಿಲ್ಲ. ‘ಯ’ ಎಂಬುದಕ್ಕೆ ಬೆಲೆಗಳನ್ನು ಕೊಡುವೆವೆಂದಾದರೆ ಮೂಲದ ಉಕ್ತಿ ಎಲ್ಲೆಲ್ಲಿ ಅರ್ಥವತ್ತಾಗಿದೆಯೋ ಅಲ್ಲಿ ಮಾತ್ರ ಸಮತೆಯನ್ನು ಹೇಳಬೇಕು. ಹಿಂದಿನ ಎರಡು ಲೆಕ್ಕಗಳಲ್ಲಿ ಮೊದಲನೆಯದಕ್ಕೆ 1/5, −1/5, 2/3, −2/3 ಎಂಬ ಬೆಲೆಗಳು ನಿಷಿದ್ಧ. ಎರಡನೆಯದಕ್ಕೆ 0, 3, −2, −3 ನಿಷಿದ್ಧ. (ಯ − 2)/2ಯ ಎಂಬ ಉತ್ತರವನ್ನಷ್ಟೇ ನೋಡಿದವನಿಗೆ 0 ಮಾತ್ರ ನಿಷಿದ್ಧವೆಂದು ತೋರುತ್ತದೆ. ಉಳಿದ ಮೂರು ಬೆಲೆಗಳು ಅಪವರ್ತಿತವಾದ ದ್ವಿಪದಗಳೊಡನೆ ಮರೆಯಾಗಿರುತ್ತವೆ. ಆದಕಾರಣ ನಿಷಿದ್ಧ ಬೆಲೆಗಳನ್ನು ಅಪವರ್ತಿಸುವುದಕ್ಕೆ ಮೊದಲೇ ಬರೆದಿಟ್ಟುಕೊಳ್ಳಬೇಕು. ಭಾಗಾಕಾರದ ಲೆಕ್ಕವಾದರೆ ಭಾಜಕವನ್ನು ತಲೆಕೆಳಗು ಮಾಡಿ ಗುಣಿಸುವುದರಿಂದ ಅದರ ಅಂಶವು ಶೂನ್ಯವಾಗುವ ಬೆಲೆಗಳನ್ನೂ ಈ ಪಟ್ಟಿಗೆ ಸೇರಿಸಬೇಕು.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಬೋಧನೆಗೆ ಉಪಯುಕ್ತವಾದ ಕ್ರಮವೊಂದು ಹೊರಡುತ್ತದೆ. ಮೊದಲು ಎಲ್ಲ ಅಂಶಗಳನ್ನೂ ಛೇದಗಳನ್ನೂ ಅಪವರ್ತನಗಳಾಗಿ ಬಿಡಿಸುವುದು. ಛೇದವನ್ನು ಶೂನ್ಯವಾಗಿಸುವ ಬೆಲೆಗಳನ್ನು ಗುರುತಿಸಿಡುವುದು. ಸಾಮಾನ್ಯ ಅಪವರ್ತನಗಳನ್ನು ನೇರವಾಗಿಯೂ ವಜ್ರಕ್ರಮದಿಂದಲೂ ತೆಗೆಯುವುದು. ಆಮೇಲೆ ಮಾತ್ರ ಗುಣಿಸುವುದು. ಕೊನೆಗೆ ಒಂದು ಬೆಲೆಯನ್ನು ಆದೇಶಿಸಿ ಪರೀಕ್ಷಿಸುವುದು. ಇವುಗಳಲ್ಲಿ ಮೂರನೆಯದೂ ನಾಲ್ಕನೆಯದೂ ಸಂಖ್ಯೆಗಳ ಮಟ್ಟಿಗೆ ಒಂಬತ್ತನೆಯ ಶತಮಾನದಷ್ಟು ಹಿಂದೆಯೇ ರಾಷ್ಟ್ರಕೂಟರ ನಾಡಿನಲ್ಲಿ ಸೂತ್ರರೂಪವನ್ನು ಪಡೆದಿದ್ದವು. ಎರಡನೆಯದರಲ್ಲಿ ಅದೇ ಆಚಾರ್ಯನು ಎಡವಿದನು. ಎರಡನ್ನೂ ವಿದ್ಯಾರ್ಥಿಗಳಿಗೆ ಹೇಳುವುದರಿಂದ ಆಚಾರ್ಯನ ಗೌರವಕ್ಕೆ ಕುಂದಿಲ್ಲ. ಶೂನ್ಯದಿಂದ ಭಾಗಿಸಲಾಗದೆಂಬ ಒಂದು ಸಾಲಿನ ನಿಯಮದ ಹಿಂದೆ ಎಷ್ಟು ಮೇಧಾವಿಗಳ ಶ್ರಮವಿದೆಯೆಂಬುದು ತಿಳಿದರೆ, ಆ ಸಾಲನ್ನು ವಿದ್ಯಾರ್ಥಿಯು ಅಷ್ಟು ಸುಲಭವಾಗಿ ಮರೆಯಲಾರನು.